‘ಅವೇಕನಿಂಗ್ಸ್’ ನೋಡುತ್ತ ಗೀಚಿಕೊಂಡದ್ದು

ಪೆನ್ನಿ ಮಾರ್ಷಲ್ ನಿರ್ದೇಶನದ ‘ಅವೇಕನಿಂಗ್ಸ್’ (1990) ಮತ್ತೆ ನೋಡಿದೆ. ಕಥೆ ಗೊತ್ತಿದ್ದದ್ದೇ. 1969ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಆಸ್ಪತ್ರೆಗೆ ಸೇಯರ್ ಎಂಬ ಸಂಕೋಚದ ಡಾಕ್ಟರು ಬರುತ್ತಾನೆ. ಅಲ್ಲಿನ ಕೆಲವು ರೋಗಿಗಳು ದಶಕಗಳಿಂದ ಅಲುಗಾಡದೆ ಕೂತಿದ್ದಾರೆ. ಎಲ್-ಡೋಪಾ ಎಂಬ ಔಷಧ ಕೊಟ್ಟಾಗ ಎದ್ದು ಓಡಾಡುತ್ತಾರೆ, ಹಾಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಹಿಂದಿನಂತಾಗುತ್ತಾರೆ. ನನಗೆ ಬಗೆಹರಿಯದೆ ಉಳಿದಿರುವುದು ನಟನೆ. ಮೈ ತನ್ನ ಮಾತು ಕೇಳದವನ ಪಾತ್ರವನ್ನು, ಒಂದೊಂದು ಸ್ನಾಯುವೂ ಹತೋಟಿಯಲ್ಲಿರುವವರು ಮಾಡುವುದು ಹೇಗೆ?

*

ಆ ರೋಗ ನಿಜವಾಗಿ ಇತ್ತು. ಎನ್ಸೆಫಲೈಟಿಸ್ ಲೆಥಾರ್ಜಿಕಾ. 1917ರಲ್ಲಿ ವಿಯೆನ್ನಾದ ವೈದ್ಯ ಫಾನ್ ಇಕೊನೊಮೊ ಅದರ ಬಗ್ಗೆ ಬರೆದರು. ಅದು 1920ರ ದಶಕದಲ್ಲಿ ಹಲವು ದೇಶಗಳಲ್ಲಿ ಹಬ್ಬಿತು, ಕಾರಣ ಖಚಿತವಾಗುವ ಮೊದಲೇ ಕಾಣೆಯಾಯಿತು. ಬದುಕುಳಿದ ಎಷ್ಟೋ ಮಂದಿ ವರ್ಷಗಳ ನಂತರ ಮರಗಟ್ಟಿದಂತಾದರು. ಬೆತ್ ಏಬ್ರಹಾಂ ಆಸ್ಪತ್ರೆಯಲ್ಲಿ ಇಂಥವರಿಗೆ ಎಲ್-ಡೋಪಾ ಕೊಟ್ಟ ಆಲಿವರ್ ಸಾಕ್ಸ್ 1973ರಲ್ಲಿ ಪುಸ್ತಕ ಬರೆದರು. ಸಿನಿಮಾ ಅದರ ಮೇಲೇ ನಿಂತಿದೆ.

*

ಚೆಂಡಿನ ದೃಶ್ಯ. ಕಣ್ಣು ಕೂಡ ಹೊರಳಿಸದೆ ಕೂತ ವಯಸ್ಸಾದ ಹೆಂಗಸಿನ ಕಡೆ ಸೇಯರ್ ಚೆಂಡು ಎಸೆಯುತ್ತಾನೆ. ಆಕೆ ತಟಕ್ಕನೆ ಹಿಡಿಯುತ್ತಾಳೆ. ಬರೀ ಪ್ರತಿವರ್ತನೆ ಎನ್ನುತ್ತಾರೆ ಉಳಿದ ಡಾಕ್ಟರುಗಳು. ಇವನು ಒಪ್ಪುವುದಿಲ್ಲ. ತನ್ನಲ್ಲಿ ಇಚ್ಛಾಶಕ್ತಿ ಇಲ್ಲದ್ದರಿಂದ ಆಕೆ ಚೆಂಡಿನದನ್ನು ಎರವಲು ಪಡೆಯುತ್ತಿದ್ದಾಳೆ ಎನ್ನುತ್ತಾನೆ. ಈ ಮಾತಿನ ಕೆಳಗೆ ಗೆರೆ ಎಳೆದಿಟ್ಟೆ.

*

ಆ ರೋಗಿಗಳಲ್ಲೊಬ್ಬನಾದ ಲಿಯೊನಾರ್ಡ್ ಪಾತ್ರದಲ್ಲಿ ರಾಬರ್ಟ್ ಡಿ ನಿರೋ. ಔಷಧ ಕೈಕೊಡಲು ಶುರುವಾದ ಮೇಲಿನ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕತ್ತು ಒಂದು ಕಡೆ ಜಗ್ಗುತ್ತದೆ, ಭುಜ ಎಗರುತ್ತದೆ, ಕೈ ಹಾರುತ್ತದೆ. ಇಷ್ಟನ್ನು ಅಭ್ಯಾಸದಿಂದ ಯಾರಾದರೂ ಮಾಡಿಯಾರು. ಆದರೆ ಇಲ್ಲಿ ಪ್ರತಿ ಎಳೆತಕ್ಕೂ ಎದುರಾಗಿ ಒಳಗಿನಿಂದ ಒಬ್ಬ ಮನುಷ್ಯ ಅದನ್ನು ತಡೆಯಲು ಒದ್ದಾಡುತ್ತಿರುವುದು ಕಾಣುತ್ತದೆ. ಮೈ ಎಗರಾಡುತ್ತಿರುವಾಗ ಮುಖದಲ್ಲಿ ನಾಚಿಕೆ, ಅದರ ಹಿಂದೆಯೇ ಸಿಟ್ಟು. ವಿಪರೀತ ಸೆಳೆತದ ನಡುವೆ, ನನ್ನನ್ನು ಚಿತ್ರೀಕರಿಸುವುದನ್ನು ನಿಲ್ಲಿಸಬೇಡ, ನೋಡಿ ಕಲಿತುಕೋ ಎಂದು ಅವನು ಡಾಕ್ಟರಿಗೇ ಹಟ ಹಿಡಿಯುವ ದೃಶ್ಯದಲ್ಲಿ ರೋಗಿ ಯಾರು, ಗುರು ಯಾರು ಎಂದು ನನಗೆ ಹೇಳಲಾಗಲಿಲ್ಲ.

*

ಲಿಯೊನಾರ್ಡ್ ಮನಸೋತ ಹುಡುಗಿ ಪೌಲಾ ಜೊತೆಗಿನ ಅವನ ಕುಣಿತ. ಇನ್ನು ಭೇಟಿಯಾಗುವುದು ಬೇಡ ಎಂದು ಕೈಕುಲುಕಲು ಎದ್ದವನ ಕೈಯನ್ನು ಆಕೆ ಬಿಡುವುದಿಲ್ಲ. ನಿಧಾನವಾಗಿ ಕುಣಿಸುತ್ತಾಳೆ. ನಡುಕ ಇಳಿಯುತ್ತ ಇಳಿಯುತ್ತ ನಿಂತೇಬಿಡುತ್ತದೆ. ಎಷ್ಟು ಹೊತ್ತಿಗೆ ನಿಂತಿತು? ಹಿಂದಕ್ಕೆ ಓಡಿಸಿ ನೋಡಿದರೂ ಆ ಕ್ಷಣ ಸಿಗಲಿಲ್ಲ. ಕಟ್ಟುಕಥೆಯೆಂದು ತಳ್ಳಿಹಾಕುವಂತೆಯೂ ಇಲ್ಲ: ನಡೆಯಲಾಗದವರು ಸಂಗೀತ ಕೇಳಿದೊಡನೆ ಹೆಜ್ಜೆ ಹಾಕಿದ್ದನ್ನು ಸಾಕ್ಸ್ ದಾಖಲಿಸಿದ್ದಾರೆ. ಚೆಂಡಿನ ದೃಶ್ಯವೇ ಇದು. ಚೆಂಡಿನ ಜಾಗದಲ್ಲಿ ಈಗ ಒಂದು ಹುಡುಗಿ.

*

ಇನ್ನು ರಾಬಿನ್ ವಿಲಿಯಮ್ಸ್. ವೇದಿಕೆಯ ಮೇಲೆ ಒಂದು ನಿಮಿಷ ಸುಮ್ಮನಿರದ ಹಾಸ್ಯಗಾರರಿಗೆ ಮಾತು ತಡವರಿಸುವ, ಕೈ ಎಲ್ಲಿಡಬೇಕೆಂದು ತಿಳಿಯದ ಸೇಯರ್ ಪಾತ್ರ! ಮೊದಲ ಸಂದರ್ಶನದಲ್ಲೇ, ನಾಲ್ಕು ಟನ್ ಎರೆಹುಳುಗಳಿಂದ ಹತ್ತು ಗ್ರಾಂ ಮಯಲಿನ್ ತೆಗೆಯುವ ಪ್ರಯತ್ನದಲ್ಲಿ ವರ್ಷಗಟ್ಟಲೆ ಇದ್ದೆ, ಅದು ಆಗದ ಕೆಲಸವೆಂದು ಸಾಬೀತು ಮಾಡಿದೆ ಎಂದು ಮುಗ್ಧವಾಗಿ ಹೇಳುತ್ತಾನೆ. ಅಲ್ಲಿಂದ ಕೊನೆಯವರೆಗೂ ಅವರ ಕೆಲಸವೆಲ್ಲ ನೋಡುವುದು, ಕೇಳುವುದು. ನೃತ್ಯದಲ್ಲಿ ಪೌಲಾ ಇದ್ದಂತೆ ಉಳಿದ ಸಿನಿಮಾದಲ್ಲೆಲ್ಲ ಡಿ ನಿರೋಗೆ ಇವರು ಎಂದು ಬರೆದುಕೊಂಡೆ. ಲಿಯೊನಾರ್ಡ್‌ನ ಸೆಳೆತ ಎಷ್ಟು ಘೋರವೆಂದು ನಮಗೆ ತಿಳಿಯುವುದು ಅದನ್ನು ನೋಡುತ್ತಿರುವ ಸೇಯರ್‌ನ ಮುಖದಿಂದ.

*

ಸೇಯರ್‌ಗೆ ಮೂಲ ಸಾಕ್ಸ್ ಅವರೇ. ತಮ್ಮ ನಿಲುವು, ಹಾವಭಾವಗಳು ವಿಲಿಯಮ್ಸ್ ಮೈಗೆ ಇಳಿದುಬಿಟ್ಟದ್ದನ್ನು ಕಂಡು ಅವರು ಬೆರಗಾಗಿದ್ದರು. ತಾವೇ ಎದುರಿಗೆ ನಿಂತಂತೆ. ಕೊನೆಗೆ ವಿಲಿಯಮ್ಸ್ ಆ ಅನುಕರಣೆಯನ್ನು ಕಡಿಮೆ ಮಾಡಿ, ಪಾತ್ರವನ್ನು ತಮ್ಮದೇ ರೀತಿಯಲ್ಲಿ ಕಟ್ಟಿದರು.

*

2014ರಲ್ಲಿ ವಿಲಿಯಮ್ಸ್ ಅವರಿಗೆ ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದ್ದರು. ಅದೇ ವರ್ಷ ತೀರಿಕೊಂಡ ಮೇಲೆ ಮಿದುಳಿನ ಪರೀಕ್ಷೆಯಲ್ಲಿ ಲೂಯಿ ಬಾಡಿ ಕಾಯಿಲೆ ಪತ್ತೆಯಾಯಿತು. ತಮ್ಮ ಮೈಯೇ ತಮ್ಮ ಕೈತಪ್ಪುವಾಗ ಅವರಿಗೆ ಲಿಯೊನಾರ್ಡ್ ನೆನಪಾಗಿರಬಹುದೇ? ಇದರ ಮುಂದೆ ಏನೂ ಬರೆಯಲಾಗಲಿಲ್ಲ.

*

ಆಸ್ಕರ್‌ಗೆ ಮೂರು ನಾಮನಿರ್ದೇಶನ: ಚಿತ್ರ, ಚಿತ್ರಕಥೆ, ಡಿ ನಿರೋ. ನಟ ಪ್ರಶಸ್ತಿ ಆ ವರ್ಷ ಜೆರೆಮಿ ಐರನ್ಸ್ ಪಾಲಾಯಿತು. ವಿಲಿಯಮ್ಸ್ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಒಬ್ಬರ ಅಭಿನಯ ಇನ್ನೊಬ್ಬರದನ್ನು ಇಷ್ಟು ಎತ್ತಿ ಹಿಡಿದಿರುವಾಗ ಒಬ್ಬರನ್ನೇ ಬೇರ್ಪಡಿಸಿ ಎಣಿಸಿದ್ದು ಯಾವ ಲೆಕ್ಕದಲ್ಲೋ, ನನಗೆ ಈಗಲೂ ಅರ್ಥವಾಗುವುದಿಲ್ಲ.