ಆಕಾಶದಿಂದ ಕಂಡ ಏರಿಗಳು

ಮಳೆಗಾಲ ಜೋರಾದರೆ ಪತ್ರಿಕೆಗಳ ಮುಖಪುಟದಲ್ಲಿ ಒಂದು ಚಿತ್ರ ಬಂದೇ ಬರುತ್ತದೆ. ಕೆಆರ್‌ಎಸ್ಸೋ ತುಂಗಭದ್ರೆಯೋ ಆಲಮಟ್ಟಿಯೋ ತುಂಬಿ, ಗೇಟುಗಳೆಲ್ಲ ತೆರೆದು, ನೊರೆ ನೊರೆಯಾಗಿ ನೀರು ಧುಮುಕುವ ಚಿತ್ರ. ಎತ್ತರದಿಂದ ತೆಗೆದದ್ದಾದರೆ ಇನ್ನೂ ಚೆಂದ. ಹಿಂದೆ ಸಮುದ್ರದಂಥ ನೀರು, ಮುಂದೆ ಬಿಳಿಯ ಹೊಗೆ, ನಡುವೆ ಗೆರೆ ಎಳೆದಂಥ ಗೋಡೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಾವು ಆ ಚಿತ್ರಗಳನ್ನು ನೋಡುವುದು ಪಕ್ಕದ ಮನೆಯವರ ಮದುವೆ ಆಲ್ಬಂ ನೋಡಿದ ಹಾಗೆ. ಚೆನ್ನಾಗಿದೆ, ಆದರೆ ನಮ್ಮದಲ್ಲ.

ವಿಚಿತ್ರವೆಂದರೆ ಕೆಆರ್‌ಎಸ್ ಕಟ್ಟಿಸಿದ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇಲ್ಲೇ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. 1911ರಲ್ಲಿ ಶುರುವಾದ ಆ ಕೆಲಸ ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆಯಾಗಿ ನಿಂತಿತು, 49 ಟಿಎಂಸಿ ನೀರು ಹಿಡಿಯಿತು. ಅವರ ಊರಿನ ಸುತ್ತಮುತ್ತ ಜಕ್ಕಲಮಡಗು, ಶ್ರೀನಿವಾಸ ಸಾಗರದಂಥ ಸಣ್ಣ ಜಲಾಶಯಗಳಿವೆ, ಅಷ್ಟೆ. ದೀಪದ ಬುಡದಲ್ಲಿ ಕತ್ತಲು ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಹಾಗೆ ಹೇಳುವುದು ಸುಲಭ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಎಂದು ಹೆಸರಿಗೆ ಬೇಕಾದಷ್ಟು ನದಿಗಳು ಹುಟ್ಟುತ್ತವೆ. ಆದರೆ ಅವು ಮಳೆ ಬಂದಾಗ ಮಾತ್ರ ನದಿ. ಅದರ ಮೇಲೆ 1892ರಲ್ಲಿ ಮೈಸೂರು ಮತ್ತು ಮದರಾಸಿನ ನಡುವೆ ಆದ ಒಪ್ಪಂದದ ಪಟ್ಟಿಯಲ್ಲಿ ಈ ನಾಲ್ಕೂ ಇದ್ದವು. ಮದರಾಸಿನ ಒಪ್ಪಿಗೆ ಇಲ್ಲದೆ ಇವುಗಳ ಮೇಲೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಆದ್ದರಿಂದ ನಮ್ಮ ಪಾಲಿಗೆ ಉಳಿದದ್ದು ಯಾವಾಗಿನಿಂದಲೋ ಇದ್ದ ಕೆರೆಗಳು.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಚಿಕ್ಕಪ್ಪ. ಬೆಂಗಳೂರಿನ ಒಂದು ಕಚೇರಿಯಲ್ಲಿ ಅವರಿಗೆ ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ನಕ್ಷೆ ಮಾಡುವ ಕೆಲಸ. ಎಲ್ಲೆಲ್ಲೋ ಕಟ್ಟಬೇಕಾದ ಅಣೆಕಟ್ಟು, ಸೇತುವೆ, ಕಾಲುವೆಗಳಿಗೆ ಮೊದಲು ನೆಲ ಹೇಗಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ. ಶನಿವಾರ ಸಂಜೆಯ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ನಡೆದು ಊರಿಗೆ ಬರುತ್ತಿದ್ದರು. ಒಂದೇ ಒಂದು ಚಿತ್ರವನ್ನೂ ಅವರು ಮನೆಗೆ ತಂದವರಲ್ಲ. ಅವೆಲ್ಲ ಬೀಗದೊಳಗೆ ಇಡುವಂಥವು, ಸಹಿ ಹಾಕಿ ತೆಗೆದುಕೊಂಡು ಸಂಜೆ ಸಹಿ ಹಾಕಿ ಒಪ್ಪಿಸುವಂಥವು. ಅವರು ತಂದಿದ್ದು ಒಂದು ಹಳೆಯ ಪಠ್ಯಪುಸ್ತಕ ಮತ್ತು ಕಂಬಿಯ ಕಾಲುಗಳನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಪುಟ್ಟ ಸ್ಟೀರಿಯೋಸ್ಕೋಪ್.

ಪುಸ್ತಕದ ಕೊನೆಯಲ್ಲಿ ಅಭ್ಯಾಸಕ್ಕೆಂದು ಜೋಡಿ ಚಿತ್ರಗಳಿದ್ದವು. ಬರಿಗಣ್ಣಿಗೆ ಎರಡೂ ಒಂದೇ, ಮಸುಕಾದ ಬೂದು ಬಣ್ಣ. ಅದರ ಮೇಲೆ ಕನ್ನಡಕದಂಥ ಆ ಸಾಧನವನ್ನಿಟ್ಟು, ಎಡಗಣ್ಣಿಗೆ ಎಡದ ಚಿತ್ರ, ಬಲಗಣ್ಣಿಗೆ ಬಲದ ಚಿತ್ರ ಬೀಳುವಂತೆ ಸರಿಮಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಇದ್ದಕ್ಕಿದ್ದಂತೆ ಬೆಟ್ಟ ಮೇಲೆದ್ದು ಬರುತ್ತಿತ್ತು, ಹಳ್ಳ ಕೆಳಗೆ ಇಳಿಯುತ್ತಿತ್ತು. ಮೊದಲ ಸಲ ನಾನು ಹೆದರಿ ಮುಖ ಹಿಂದೆ ತೆಗೆದಿದ್ದೆ.

ಅದರ ಲೆಕ್ಕವನ್ನು ಚಿಕ್ಕಪ್ಪ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು. ಕ್ಯಾಮೆರಾ ವಿಮಾನದ ಹೊಟ್ಟೆಯಲ್ಲಿ ನೆಲಕ್ಕೆ ಮುಖ ಮಾಡಿ ಇರುತ್ತದೆ. ಫಿಲ್ಮು 23 ಸೆಂಟಿಮೀಟರ್ ಚೌಕ. ಲೆನ್ಸಿನ ಸಂಗಮ ದೂರ 152 ಮಿಲಿಮೀಟರ್. ನೆಲದಿಂದ ಸುಮಾರು 3040 ಮೀಟರ್ ಮೇಲೆ ಹಾರಿದರೆ ಚಿತ್ರದ ಅಳತೆ 1:20000. ಅಂದರೆ ಒಂದು ಚಿತ್ರದಲ್ಲಿ 4.6 ಕಿಲೋಮೀಟರ್ ಚೌಕದ ನೆಲ ಬರುತ್ತದೆ, 400 ಮೀಟರಿನ ಕೆರೆ ಏರಿ ಎರಡು ಸೆಂಟಿಮೀಟರ್ ಆಗುತ್ತದೆ. ಒಂದು ಚಿತ್ರದ ಶೇಕಡಾ 60 ಭಾಗ ಮುಂದಿನದರಲ್ಲೂ ಬರುವಂತೆ ತೆಗೆಯುತ್ತಾರೆ. ಹಾಗಾಗಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ವಿಮಾನ ಸಾಗಿರುವ ದೂರ 1.84 ಕಿಲೋಮೀಟರ್.

"ಈಗ ನಿನ್ನ ಎರಡು ಕಣ್ಣಿನ ನಡುವೆ ಎಷ್ಟು ದೂರ ಅಂದ್ಕೊಂಡಿದೀಯಪ್ಪ?" ಎಂದು ಕೇಳಿದ್ದರು. "ಹೆಚ್ಚುಕಡಿಮೆ ಎರಡು ಕಿಲೋಮೀಟರು. ರಾಕ್ಷಸನ ಕಣ್ಣು. ಅದಕ್ಕೇ ಎಲ್ಲಾ ಎತ್ತರವಾಗಿ ಕಾಣೋದು."

ಆ ಕಣ್ಣಿಗೆ ಕೆರೆಯ ಏರಿ ಏರಿಯಂತೆ ಕಾಣುವುದಿಲ್ಲ. ಎತ್ತು ಗಾಡಿ ಸರಾಗವಾಗಿ ಹತ್ತುವ ಮಣ್ಣಿನ ದಿಬ್ಬ ಚೂಪಾಗಿ, ಎತ್ತರವಾಗಿ, ದೊಡ್ಡ ಅಣೆಕಟ್ಟಿನ ಠೀವಿಯಲ್ಲಿ ನಿಲ್ಲುತ್ತದೆ. ಸೇತುವೆಯ ಕಥೆ ಇದಕ್ಕಿಂತ ಬೇರೆ. ನೇರ ಮೇಲಿನಿಂದ ಸೇತುವೆ ಬರೀ ಒಂದು ಗೆರೆ, ರಸ್ತೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಗುರುತಿಸಲು ಪಕ್ಕದಲ್ಲಿ ಬಿದ್ದ ನೆರಳು ನೋಡಬೇಕು. ನೆರಳಿನಲ್ಲಿ ಕಂಬಗಳನ್ನು ಎಣಿಸಬಹುದು, ಚಿತ್ರ ತೆಗೆದ ಹೊತ್ತು ಗೊತ್ತಿದ್ದರೆ ಎತ್ತರವನ್ನೂ ಅಳೆಯಬಹುದು. ನಮ್ಮ ಸೀಮೆಯಲ್ಲಿ ನದಿ ಎಲ್ಲಿದೆ ಎಂದು ಹೇಳುವುದೂ ಸೇತುವೆಯೇ. ಚಿಕ್ಕಂದಿನಲ್ಲಿ ಗೌರಿಬಿದನೂರಿನ ನೆಂಟರ ಮನೆಗೆ ಹೋಗುವಾಗ ಉತ್ತರ ಪಿನಾಕಿನಿಯ ಸೇತುವೆ ದಾಟಿದರೆ ಕೆಳಗೆ ಮರಳು, ಜಾಲಿ, ಮೇಯುವ ಮೇಕೆ. ಸೇತುವೆ ಇಲ್ಲದಿದ್ದರೆ ಅದನ್ನು ನದಿಯೆಂದು ಯಾರೂ ನಂಬುತ್ತಿರಲಿಲ್ಲ.

ಈ ಚಿತ್ರಗಳನ್ನು ಯಾಕೆ ಬಚ್ಚಿಡುತ್ತಾರೆ ಎಂದು ಕೇಳಿದ್ದಕ್ಕೆ ಅವರು ಜರ್ಮನಿಯ ಮೋನೆ ಅಣೆಕಟ್ಟಿನ ಕಥೆ ಹೇಳಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಪುಟ್ಟ ವಿಮಾನಗಳಿಂದ ಅದರ ಚಿತ್ರಗಳನ್ನು ತೆಗೆದು, ನೀರು ಎಷ್ಟು ತುಂಬಿದೆ ಎಂದು ವಾರಗಟ್ಟಲೆ ಕಾದು ನೋಡಿದರು. 1943ರ ಮೇ 16ರ ರಾತ್ರಿ ಬಾಂಬ್ ಹಾಕಿ ಒಡೆದರು. ಮರುದಿನ ಬೆಳಿಗ್ಗೆ ಒಂದು ಸ್ಪಿಟ್‌ಫೈರ್ ವಿಮಾನ ಹೋಗಿ ಮತ್ತೆ ಚಿತ್ರ ತೆಗೆಯಿತು. ಗೋಡೆಯ ನಡುವೆ ಹಲ್ಲು ಬಿದ್ದಂತೆ ಒಂದು ಸಂದು, ಅದರಿಂದ ಹರಿಯುವ ನೀರು. ಕೆಳಗಿನ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ಹಲವರು ಬೇರೆ ದೇಶಗಳಿಂದ ಹಿಡಿದು ತಂದ ಕೂಲಿಗಳು. ಆ ಎತ್ತರದ ಚಿತ್ರದಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ದೊಡ್ಡ ಅಣೆಕಟ್ಟನ್ನು ಕೆಡವಲು ಒಂದು ಕಡೆ ಒಡೆದರೆ ಸಾಕು ಎಂದು ಆ ಚಿತ್ರ ಹೇಳುತ್ತದೆ. ನಮ್ಮ ಕೆರೆಗಳನ್ನು ಕೆಡವಲು ಬಾಂಬ್ ಕೂಡ ಬೇಡವೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಅಷ್ಟೆಲ್ಲ ಆಕಾಶದ ಚಿತ್ರ ನೋಡಿದ ಚಿಕ್ಕಪ್ಪ ವಿಮಾನ ಹತ್ತಿದ್ದು ತಮ್ಮ 74ನೇ ವಯಸ್ಸಿನಲ್ಲಿ. 2021ರ ಡಿಸೆಂಬರಿನಲ್ಲಿ ಹೈದರಾಬಾದಿನ ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ಬರುವಾಗ. ಎಪ್ಪತ್ತು ಜನ ಹಿಡಿಸುವ, ಎರಡು ಪಂಕದ ಸಣ್ಣ ವಿಮಾನ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೆಲಕ್ಕೆ ಏನೂ ಅಡ್ಡವಿರಲಿಲ್ಲ. ಚಿಕ್ಕಪ್ಪನಿಗೆ ಎಡಗಡೆಯ ಕಿಟಕಿ, ನನಗೆ ಬಲಗಡೆಯದು. ನಡುವಿನ ಓಣಿಯ ಆಚೆಯಿಂದ ಅವರು ಕೂಗಿ ಹೇಳುತ್ತಿದ್ದರೆ ಉಳಿದವರು ತಿರುಗಿ ನೋಡುತ್ತಿದ್ದರು.

ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರಿನಲ್ಲಿ, ನಮ್ಮ ಕಡೆ ಕಂಡು ಕೇಳದ ಮಳೆ. ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದಿದ್ದವು. ರಸ್ತೆಗಳು ಕೊಚ್ಚಿಹೋದವು, ಬೆಳೆ ಕೊಳೆಯಿತು, ಆದರೂ ಜನ ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ಗಂಗಮ್ಮನಿಗೆ ಪೂಜೆ ಮಾಡಿದರು.

ಬಾಗೇಪಲ್ಲಿ ದಾಟುತ್ತಿದ್ದಂತೆ ವಿಮಾನ ಇಳಿಯತೊಡಗಿತು. ಚಿತ್ರಾವತಿಯಲ್ಲಿ ನೀರಿತ್ತು, ಹೆದ್ದಾರಿಯ ಸೇತುವೆಯ ನೆರಳು ಮರಳಿನ ಬದಲು ನೀರಿನ ಮೇಲೆ ಬಿದ್ದಿತ್ತು. ಆಮೇಲೆ ಶುರುವಾದವು ಕೆರೆಗಳು. ಒಂದಲ್ಲ, ಎರಡಲ್ಲ. ಪ್ರತಿಯೊಂದೂ ಬಿಲ್ಲಿನ ಹಾಗೆ. ಬಾಗಿದ ಕಡೆ ಏರಿ, ಎದುರಿಗೆ ಅಂಕುಡೊಂಕಾಗಿ ಹರಡಿದ ನೀರು. ಒಂದರ ಮೂಲೆಯಿಂದ ಹೊರಟ ತೆಳುವಾದ ಹೊಳಪು ಇನ್ನೊಂದರ ಬಾಲಕ್ಕೆ ಹೋಗಿ ಸೇರುತ್ತಿತ್ತು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ತಾಯಿ ಎಂದು ಊರಿನಲ್ಲಿ ಮುದುಕರು ಹೇಳುವುದನ್ನು ಕೇಳಿದ್ದೆ. ಆ ಸಂಬಂಧ ಕಣ್ಣಿಗೆ ಕಂಡದ್ದು ಅವತ್ತೇ. ದೊಡ್ಡ ಅಣೆಕಟ್ಟೊಂದನ್ನು ಸಾವಿರ ತುಂಡು ಮಾಡಿ, ಊರಿಗೊಂದು ಹಂಚಿ, ದಾರ ಹಾಕಿ ಪೋಣಿಸಿದ ಹಾಗಿತ್ತು.

"ರಾಮಸಮುದ್ರ, ನೋಡಪ್ಪ!" ಎಂದರು ಚಿಕ್ಕಪ್ಪ. "ದೂರದಲ್ಲಿ ಅಂಬಾಜಿದುರ್ಗ. ಅದರಾಚೆ ಚಿಂತಾಮಣಿ." ನನ್ನ ಕಡೆ ನಂದಿ, ಸ್ಕಂದಗಿರಿ. ಬಿಳಿ ಪಾಲಿಹೌಸುಗಳು, ದ್ರಾಕ್ಷಿ ತೋಟಗಳು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು ಕನ್ನಡಿ ಚೂರುಗಳ ಹಾಗೆ ಮಿನುಗುತ್ತಿದ್ದವು.

ನೀರಿನ ಬಣ್ಣ ಮಾತ್ರ ಒಂದೇ ಇರಲಿಲ್ಲ. ಕೆಲವು ಕೆರೆಗಳು ಹಾಲು ಹಾಕಿದ ಚಹಾದ ಬಣ್ಣ, ಅದು ಕೆಮ್ಮಣ್ಣು ಕಲಸಿಕೊಂಡು ಬಂದ ಹೊಸ ಮಳೆಯ ನೀರು. ಇನ್ನು ಕೆಲವು ಪಾಚಿ ಹಸಿರು. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಷ್ಟು ನೀರನ್ನು ಪಂಪ್ ಮಾಡಿ 65 ಕೆರೆಗಳನ್ನು ತುಂಬಿಸುವ ಯೋಜನೆ ನಮ್ಮ ಜಿಲ್ಲೆಗೆ ಬಂದಿದೆ. ಚಿಂತಾಮಣಿಯ ಕಡೆ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ಜಗಳ ಹೋರಾಟಗಾರರಿಗೂ ಸರ್ಕಾರಕ್ಕೂ ನಡೆದೇ ಇದೆ. ಸತ್ತ ಬೋರ್‌ವೆಲ್‌ಗೆ ಜೀವ ಬಂತು ಎನ್ನುವ ರೈತರೂ ಇದ್ದಾರೆ, ಆ ನೀರನ್ನು ಮುಟ್ಟಲು ಹಿಂಜರಿಯುವವರೂ ಇದ್ದಾರೆ. ಇಬ್ಬರೂ ನನ್ನ ನೆಂಟರೇ.

ಕೊಳವೆ ಮಾತ್ರ ಆಕಾಶದಿಂದ ಕಾಣುವುದಿಲ್ಲ. ಅದು ನೆಲದೊಳಗಿದೆ, ಅದರ ಸ್ವಿಚ್ಚು ಇನ್ನೆಲ್ಲೋ ಇದೆ. ತೂಬು ಎತ್ತುವ ನೀರಗಂಟಿಯನ್ನು ಊರವರು ಹಿಡಿದು ಕೇಳಬಹುದಿತ್ತು. ಪಂಪಿನವರನ್ನು ಕೇಳಲು ಅರ್ಜಿ ಬರೆಯಬೇಕು. ಮೇಲಾಗಿ ಕೊಳವೆ ನೀರು ಬರುತ್ತದೆಂಬ ಧೈರ್ಯದಲ್ಲಿ ಕೆರೆಯಿಂದ ಕೆರೆಗೆ ಹೋಗುವ ಆ ತೆಳುವಾದ ಗೆರೆಯನ್ನು ಜನ ಮರೆಯತೊಡಗಿದ್ದಾರೆ.

ನಮ್ಮೂರ ಕೆರೆ ಬಂದಾಗ ಚಿಕ್ಕಪ್ಪ ಕೂಗಲಿಲ್ಲ. ವಿಮಾನದಿಂದ ಇಳಿದ ಮೇಲೆ, ಬ್ಯಾಗಿಗೆ ಕಾಯುವಾಗ ಹೇಳಿದರು. ಸುತ್ತಲಿನ ಕೆರೆಗಳೆಲ್ಲ ತುಂಬಿವೆ, ನಮ್ಮದು ಅರ್ಧ. ಮೇಲಿನ ಕೆರೆಯ ಕೋಡಿ ಹರಿಯುತ್ತಿದೆ. ಆದರೆ ನೀರು ನಮ್ಮ ಕಡೆ ಬರದೆ ಪಕ್ಕದ ಹೊಲಗಳಿಗೆ ನುಗ್ಗಿ ನಿಂತಿದೆ. "ನಡುವೆ ಎಲ್ಲೋ ಗೆರೆ ತುಂಡಾಗಿದೆ."

ಊರಿನಲ್ಲಿ ಅದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ಪೋಷಕ ಕಾಲುವೆ ಹಾದುಹೋಗುವ ಜಾಗದಲ್ಲಿ ಸೈಟು ಮಾಡಲೆಂದು ಮಣ್ಣು ತುಂಬಿಸಿ ಕಾಂಪೌಂಡು ಎಬ್ಬಿಸಿದ್ದರು. ಯಾರೆಂಬುದು ಇಲ್ಲಿ ಬೇಡ. ಕೇಳಲು ಹೋದವರಿಗೆ ಅಲ್ಲಿ ಕಾಲುವೆ ಇತ್ತೆಂಬುದಕ್ಕೇ ಸಾಕ್ಷಿ ಏನು ಎಂಬ ಉತ್ತರ. ಮಳೆ ಕಾಣದ ಇಷ್ಟು ವರ್ಷಗಳಲ್ಲಿ ಹುಡುಗರು ಅದನ್ನು ಕಾಲುವೆಯಾಗಿ ನೋಡಿಯೇ ಇರಲಿಲ್ಲ.

ಆಗ ಕೆಲಸಕ್ಕೆ ಬಂದವನು ಚಿಂತಾಮಣಿಯ ಮದುವೆ ವಿಡಿಯೋ ಹುಡುಗ. ಊರೂರಿನ ಕೋಡಿಗಳನ್ನು ಡ್ರೋನಿನಲ್ಲಿ ಹಿಡಿದು ಹಾಡು ಸೇರಿಸಿ ಹಾಕುತ್ತಿದ್ದ. ಏರಿಯ ಚಿತ್ರ ಸಾಕು, ಮೇಲಿನ ಕೋಡಿಯಿಂದ ಹೊರಟು ನೀರು ಹೋಗುವ ದಾರಿಯಲ್ಲೇ ನಿಧಾನವಾಗಿ ಬಾ ಎಂದು ಚಿಕ್ಕಪ್ಪ ಅವನಿಗೆ ಹೇಳಿದರು. "ಅದರಲ್ಲಿ ಏನು ಚೆನ್ನಾಗಿರುತ್ತೆ ತಾತ?" ಎಂದ ಹುಡುಗ, ಆದರೂ ತೆಗೆದ. ಮೂರು ನಿಮಿಷದ ವಿಡಿಯೋ. ಹೊಂಗೆ ಮರಗಳ ಸಾಲು, ಒದ್ದೆ ಮಣ್ಣಿನ ಕಪ್ಪು ಗೆರೆ, ಕಾಂಪೌಂಡು. ಕಾಂಪೌಂಡಿನ ಆಚೆ ಅದೇ ನೇರಕ್ಕೆ ಮತ್ತೆ ಹೊಂಗೆ ಮರಗಳ ಸಾಲು, ಅಲ್ಲಿ ಗೆರೆ ಒಣಗಿತ್ತು.

ಗ್ರಾಮ ಸಭೆಯಲ್ಲಿ ಚಿಕ್ಕಪ್ಪ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ಗ್ರಾಮ ನಕ್ಷೆಯನ್ನಿಟ್ಟರು. ನಕ್ಷೆಯಲ್ಲಿ ಖರಾಬು ಎಂದು ಬರೆದಿದ್ದ ಪಟ್ಟಿಗೂ ಹೊಂಗೆಯ ಸಾಲಿಗೂ ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಹೆಂಗಸೊಬ್ಬರು ಎದ್ದು ಬಂದು, ಚಿತ್ರದ ಮೇಲೆ ಬೆರಳಿಟ್ಟು, ತಾವು ಮದುವೆಯಾಗಿ ಬಂದ ವರ್ಷ ಈ ಜಾಗದಲ್ಲಿ ಬಟ್ಟೆ ಒಗೆದಿದ್ದೆ ಎಂದು ತೆಲುಗಿನಲ್ಲಿ ಹೇಳಿದರು. ಅದನ್ನು ಕನ್ನಡದಲ್ಲಿ ನಡವಳಿ ಪುಸ್ತಕಕ್ಕೆ ಬರೆದುಕೊಂಡರು.

ಕಾಂಪೌಂಡು ಬೀಳಲಿಲ್ಲ. ಅಳತೆಗೆ ಅರ್ಜಿ ಕೊಟ್ಟು, ಎರಡು ಬೇಸಿಗೆ ಕಳೆದ ಮೇಲೆ ಸರ್ವೇಯರ್ ಬಂದು ಅಳೆದು ಹೋದರು. ಕಾಂಪೌಂಡಿನ ಈಚೆಗೊಂದು, ಆಚೆಗೊಂದು ಕಲ್ಲು ನೆಟ್ಟಿದ್ದಾರೆ. ಹೂಳು ತೆಗೆಯುವ ಕೆಲಸ ಈಚೆಯ ಕಲ್ಲಿನವರೆಗೆ ಆಗಿದೆ. ಉಳಿದಿರುವುದು ನಡುವಿನ ಅರವತ್ತು ಹೆಜ್ಜೆ. ಡ್ರೋನಿನ ಹುಡುಗ ಈಗ ಕೋಡಿ ಬಿದ್ದ ಊರಿಗೆ ಹೋದರೆ, ಯಾರೂ ಹೇಳದಿದ್ದರೂ, ಏರಿಯ ಚಿತ್ರ ಮುಗಿದ ಮೇಲೆ ಕಾಲುವೆಯ ಹಿಂದೆಯೂ ಒಂದು ಸುತ್ತು ಹೋಗಿ ಬರುತ್ತಾನಂತೆ.