ಪುಸ್ತಕದ ಅಳತೆ, ಮನೆಯವರ ಅಳತೆ

ಉದಕಮಂಡಲದಲ್ಲಿ ಸ್ವೆಟರ್ ಎಂಬುದು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರತೆಗೆಯುವ ಉಡುಪಲ್ಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮೇ ತಿಂಗಳ ಸಂಜೆಗೂ ಅದು ಬೇಕು. ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬಯಲೆಲ್ಲ ಬೆಳ್ಳಗಾದಾಗಲಂತೂ ಒಂದರ ಮೇಲೊಂದು ಎರಡು ಬೇಕು. ಬಯಲುಸೀಮೆಯಿಂದ ಬಂದ ಕನ್ನಡ ಕುಟುಂಬಗಳಿಗೆ ಈ ಬೆಟ್ಟ ಕಲಿಸುವ ಮೊದಲ ಪಾಠವೇ ಇದು. 1974ರಲ್ಲಿ ಗುಂಡ್ಲುಪೇಟೆಯ ಕಡೆಯಿಂದ ಮದುವೆಯಾಗಿ ನಾನು ಇಲ್ಲಿಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಎರಡು ರೇಷ್ಮೆ ಸೀರೆಗಳಿದ್ದವು, ಅಮ್ಮ ಮಡಿಸಿ ಇಟ್ಟಿದ್ದ ಒಂದು ಕರಿಯ ಕಂಬಳಿಯಿತ್ತು. ಸ್ವೆಟರ್ ಇರಲಿಲ್ಲ.

ನಮ್ಮ ಸೀಮೆಯ ಉಣ್ಣೆಯೆಂದರೆ ಕಂಬಳಿಯೇ. ಕುರುಬರು ಮಗ್ಗದಲ್ಲಿ ನೇಯ್ದ ಆ ಒರಟು ಬಟ್ಟೆ ಮಳೆ ಬಂದರೆ ಕೊಪ್ಪೆಯಾಗುತ್ತದೆ, ರಾತ್ರಿಯಾದರೆ ಹಾಸಿಗೆಯಾಗುತ್ತದೆ. ಅಜ್ಜನಿಗೂ ಮೊಮ್ಮಗನಿಗೂ ಅದೇ ಕಂಬಳಿ. ಹೊದ್ದವರ ಅಳತೆಯನ್ನು ಅದು ಕೇಳುವುದಿಲ್ಲ. ಸ್ವೆಟರಿನ ಸ್ವಭಾವ ಬೇರೆ. ಅದು ಮೈಗೆ ಅಂಟಿ ಕೂರಬೇಕಾದುದರಿಂದ ಭುಜದ ಇಳಿಜಾರು, ಕಂಕುಳ ಸುತ್ತು, ಕೊರಳಿನ ಆಳ ಎಲ್ಲವೂ ಅದಕ್ಕೆ ತಿಳಿದಿರಬೇಕು. ಹೆಣೆಯುವವಳು ಕಡ್ಡಿ ಹಿಡಿಯುವ ಮೊದಲು ತೊಡುವವರನ್ನು ಚೆನ್ನಾಗಿ ನೋಡಿರಬೇಕು. ಐವತ್ತು ವರ್ಷಗಳ ಹೆಣಿಗೆಯಲ್ಲಿ ನಾನು ಕಲಿತದ್ದರ ಸಾರ ಇಷ್ಟೇ.

ನನಗೆ ಹೆಣಿಗೆ ಕಲಿಸಿದವರು ಅತ್ತೆಯವರು. ಅವರು ಕಲಿತದ್ದು 1962ರ ಚಳಿಗಾಲದಲ್ಲಿ, ಮೈಸೂರಿನಲ್ಲಿ. ಚೀನದೊಡನೆ ಯುದ್ಧ ನಡೆದ ಆ ದಿನಗಳಲ್ಲಿ ಹಿಮಾಲಯದ ಗಡಿಯಲ್ಲಿದ್ದ ಯೋಧರಿಗಾಗಿ ದೇಶದ ಎಲ್ಲ ಕಡೆಯ ಹೆಂಗಸರೂ ಸ್ವೆಟರ್, ಕಾಲುಚೀಲಗಳನ್ನು ಹೆಣೆದು ಕಳುಹಿಸಿದರಷ್ಟೆ. ನೆರೆಯ ಹೆಂಗಸರ ಜೊತೆ ಕುಳಿತು ಅತ್ತೆಯವರೂ ನಾಲ್ಕು ಸ್ವೆಟರ್ ಹೆಣೆದಿದ್ದರು. "ಅಳತೆ ಕೊಡುವವರು ಯಾರೂ ಇರಲಿಲ್ಲಮ್ಮ. ಎದೆ ಮೂವತ್ತೆಂಟು ಅಂತ ಎಲ್ಲಕ್ಕೂ ಒಂದೇ ಲೆಕ್ಕ ಹಾಕಿದೆವು. ಅದು ಯಾರ ಮೈಗೆ ಹೋಯಿತೋ, ತೋಳು ಸಾಕಾಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ" ಎಂದು ಅವರು ಹಲವು ಬಾರಿ ಹೇಳುತ್ತಿದ್ದರು. ಆ ಮಾತು ಅವರನ್ನು ಬಿಟ್ಟಿರಲೇ ಇಲ್ಲ. ಮನೆಯವರಿಗಾಗಿ ಹೆಣೆಯುವಾಗ ಅವರು ಮತ್ತೆ ಮತ್ತೆ ಅಳೆಯುತ್ತಿದ್ದರು. ಟೇಪು ಕೈಗೆ ಸಿಗದಿದ್ದರೆ ಗೇಣಿನಲ್ಲಿ, ಬೆರಳಿನಲ್ಲಿ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅವರ ಗೇಣು ಎಂಟು ಅಂಗುಲ, ನನ್ನದು ಏಳೂವರೆ. ಆ ಪುಸ್ತಕವನ್ನು ಓದುವಾಗ ಇವತ್ತಿಗೂ ನಾನು ಆ ಅರ್ಧ ಅಂಗುಲವನ್ನು ಸೇರಿಸಿಕೊಳ್ಳುತ್ತೇನೆ.

ಹೆಣಿಗೆಯ ಮಾತುಗಳು ನಮ್ಮ ಮನೆಗೆ ನಾನಾ ದಿಕ್ಕುಗಳಿಂದ ಬಂದವು. ಸೀದಾ, ಉಲ್ಟಾ ಎಂಬೆರಡು ಹಿಂದಿಯಿಂದ ಬಂದು ಕನ್ನಡವೇ ಆಗಿಬಿಟ್ಟಿವೆ. ಸೂಜಿಗೆ ನಾವು ಕಡ್ಡಿ ಎನ್ನುತ್ತೇವೆ, ಕಡ್ಡಿಯ ಮೇಲೆ ನಿಲ್ಲುವ ನೂಲಿನ ಸುತ್ತಿಗೆ ಕುಣಿಕೆ ಎನ್ನುತ್ತೇವೆ. ಕಡ್ಡಿಯ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣದು: ಎಂಟನೆಯ ನಂಬರು ನಾಲ್ಕು ಮಿಲಿಮೀಟರ್, ಹತ್ತನೆಯದು ಮೂರೂಕಾಲು. ಇಂಗ್ಲಿಷ್ ಪುಸ್ತಕಗಳಲ್ಲಿ ಮಾತ್ರ ಎಲ್ಲವೂ ಒಂದೊಂದೇ ಅಕ್ಷರದ ಗೂಢಲಿಪಿ. 'ಕೆ' ಎಂದರೆ ಸೀದಾ, 'ಪಿ' ಎಂದರೆ ಉಲ್ಟಾ, 'ಕೆ 2 ಟಾಗ್' ಎಂದರೆ ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದು ಒಂದಾಗಿಸುವುದು. ಅತ್ತೆಯವರು ಅದನ್ನೆಲ್ಲ 'ಸೀ', 'ಉ', 'ಎರಡೊಂದು' ಎಂದು ಕನ್ನಡಕ್ಕೆ ಇಳಿಸಿಕೊಂಡಿದ್ದರು. ನಮ್ಮ ಸಾಲಿನಲ್ಲಿ ಒಂದು ಬಡಗ ಕುಟುಂಬವೂ ಒಂದು ತಮಿಳು ಕುಟುಂಬವೂ ಇದ್ದವು. ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ನಾನು ಮಾದರಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಬಡಗ ಗೆಳತಿಗೆ ನನ್ನ ಕನ್ನಡ ಬಹುಮಟ್ಟಿಗೆ ನೇರವಾಗಿಯೇ ತಲುಪುತ್ತಿತ್ತು. ಹಬ್ಬವನ್ನು ಹಬ್ಬವೆಂದೇ ಕರೆಯುವ ಮಾತಲ್ಲವೇ ಅವರದು! ತಮಿಳು ಗೆಳತಿ ತನ್ನ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಹೆಣೆಯುವವರಿಗೆ ತಿಳಿದ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ಪುಸ್ತಕದ ಮಾದರಿಯ ಮೊದಲಲ್ಲಿ ನಾಲ್ಕು ಅಂಗುಲದ ಚೌಕಕ್ಕೆ ಇಪ್ಪತ್ತೆರಡು ಕುಣಿಕೆ ಎಂದು ಬರೆದಿರುತ್ತದೆ. ಎದೆಸುತ್ತು ನಲವತ್ತು ಅಂಗುಲವಾದರೆ ಒಟ್ಟು ಇನ್ನೂರ ಇಪ್ಪತ್ತು ಕುಣಿಕೆ. ನನ್ನ ಕೈ ಸ್ವಲ್ಪ ಬಿಗಿ. ಅದೇ ಕಡ್ಡಿ, ಅದೇ ಉಣ್ಣೆಯಲ್ಲಿ ನಾಲ್ಕು ಅಂಗುಲಕ್ಕೆ ಇಪ್ಪತ್ನಾಲ್ಕು ಬರುತ್ತವೆ. ಪುಸ್ತಕದ ಇನ್ನೂರ ಇಪ್ಪತ್ತನ್ನೇ ಹಾಕಿದರೆ ನನ್ನ ಸ್ವೆಟರಿನ ಸುತ್ತು ಮೂವತ್ತಾರೂವರೆ ಅಂಗುಲಕ್ಕೆ ನಿಲ್ಲುತ್ತದೆ. ಆದ್ದರಿಂದ ನಾನು ಇನ್ನೂರ ನಲವತ್ತು ಹಾಕಬೇಕು. ಹಾಕಿದೊಡನೆ ಇನ್ನೊಂದು ತೊಡಕು: ಜಡೆಯ ವಿನ್ಯಾಸ ಹದಿನಾಲ್ಕು ಕುಣಿಕೆಗಳಿಗೊಮ್ಮೆ ಮರುಕಳಿಸುವಂಥದ್ದಾದರೆ ಮುಂಭಾಗದ ನೂರಿಪ್ಪತ್ತರಲ್ಲಿ ಎಂಟು ಜಡೆಗಳು ಕುಳಿತು ಎಂಟು ಕುಣಿಕೆಗಳು ಉಳಿಯುತ್ತವೆ. ಅವನ್ನು ನಾಲ್ಕು ನಾಲ್ಕಾಗಿ ಎರಡು ಪಕ್ಕಗಳಿಗೆ ಹಂಚಿ ಸಾದಾ ಬಿಡಬೇಕು. ಶಾಲೆಯಲ್ಲಿ ಭಾಗಾಕಾರ ನನಗೆ ಒಲಿಯಲಿಲ್ಲ ಎನ್ನುವ ಹೆಂಗಸರು ಈ ಲೆಕ್ಕವನ್ನು ಮಾತಾಡುತ್ತಲೇ ಮುಗಿಸುವುದನ್ನು ನಾನು ನೋಡಿದ್ದೇನೆ.

ಎಣಿಕೆಯ ಈ ವಿದ್ಯೆಗೆ ನಮ್ಮ ಬೆಟ್ಟದಲ್ಲಿ ಹಿರಿಯರಿದ್ದಾರೆ. ತೋಡರ ಹೆಂಗಸರು ಒರಟು ಬಿಳಿಯ ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ಉಣ್ಣೆಯ ದಾರದಿಂದ ಕಸೂತಿ ಹಾಕಿ ಪುತ್ಕುಳಿ ಎಂಬ ಹೊದಿಕೆಯನ್ನು ಸಿದ್ಧಪಡಿಸುತ್ತಾರೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಚೌಕಟ್ಟಿಗೆ ಬಿಗಿಯುವುದಿಲ್ಲ. ಎಳೆಗಳನ್ನು ಬೆರಳಿನಿಂದ ಎಣಿಸುತ್ತ ಸಾಗುತ್ತಾರೆ. 2013ರಲ್ಲಿ ಆ ಕಸೂತಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಕಾಗದದ ಮಾದರಿಯಿಲ್ಲದೆ ವಿನ್ಯಾಸವನ್ನು ಮನಸ್ಸಿನಲ್ಲೇ ಹೊತ್ತು ನಡೆವ ಅವರನ್ನು ಕಂಡಾಗ ಪುಸ್ತಕವನ್ನು ತಿದ್ದಲು ಅಂಜುತ್ತಿದ್ದ ನನಗೆ ಧೈರ್ಯ ಬಂತು.

ತಿದ್ದಲೇಬೇಕಾದ ಕಾರಣಗಳು ಹಲವು. ಎದೆ ಇಷ್ಟಿದ್ದರೆ ತೋಳು ಇಷ್ಟುದ್ದ ಎಂದು ಪುಸ್ತಕ ತೀರ್ಮಾನಿಸಿರುತ್ತದೆ. ನನ್ನ ಮೈದುನನ ಎದೆ ಮೂವತ್ತನಾಲ್ಕು, ತೋಳು ಮಾತ್ರ ನಲವತ್ತರವರದು. ಮಾವನವರಿಗೆ ಬೆನ್ನು ಬಾಗಿತ್ತು. ಮುಂಭಾಗಕ್ಕಿಂತ ಹಿಂಭಾಗವನ್ನು ಎರಡು ಅಂಗುಲ ಹೆಚ್ಚು ಹೆಣೆದರೆ ಮಾತ್ರ ಸೊಂಟ ಬೆಚ್ಚಗಿರುತ್ತಿತ್ತು. ಹವೆಯೂ ಒಂದೇ ಅಲ್ಲ. ನಾದಿನಿ ಗೂಡಲೂರಿನಲ್ಲಿದ್ದಳು. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸುರಿಯುವ ಮಳೆಯಲ್ಲಿ ಶುದ್ಧ ಉಣ್ಣೆ ಒಣಗುವುದೇ ಇಲ್ಲ. ಅವಳ ಮಕ್ಕಳಿಗೆ ಬೇಗ ಒಣಗುವ ಅಕ್ರಿಲಿಕ್ ನೂಲು, ಕೊರಳು ಎತ್ತರ. ಇನ್ನೊಬ್ಬ ಬಂಧುವಿನ ಮನೆ ಮಸಿನಗುಡಿಯಲ್ಲಿ. ಕಲ್ಲಟ್ಟಿಯ ಮೂವತ್ತಾರು ತಿರುವುಗಳನ್ನು ಇಳಿದರೆ ಮಳೆಮರೆಯ ಒಣ ಕಾಡು, ಹಗಲಲ್ಲಿ ಸುಡುವ ಬಿಸಿಲು, ಬೆಳಗ್ಗೆ ಸಂಜೆ ತೆಳು ಚಳಿ. ಅವರಿಗೆ ತೋಳಿಲ್ಲದ, ಮುಂದೆ ಗುಂಡಿಯಿರುವ ಸ್ವೆಟರ್. ಒಂದೇ ಮಾದರಿ ಒಂದೇ ಜಿಲ್ಲೆಯೊಳಗೆ ಮೂರು ರೂಪ ತಾಳುತ್ತಿತ್ತು.

ಮಕ್ಕಳ ಸ್ವೆಟರಿನಲ್ಲಿ ಅತ್ತೆಯವರು ಮಾಡಿದ ಬದಲಾವಣೆ ನನ್ನ ಮೆಚ್ಚಿನದು. ಪುಸ್ತಕಗಳು ಸಾಮಾನ್ಯವಾಗಿ ತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆಯಲು ಹೇಳುತ್ತವೆ. ಹೆಣಿಗೆಯಾದರೋ ಮುಗಿಸಿದ ತುದಿಯಿಂದ ಮಾತ್ರ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಅತ್ತೆಯವರು ಕಂಕುಳ ಸುತ್ತಿನಲ್ಲಿ ಕುಣಿಕೆಗಳನ್ನು ಎತ್ತಿಕೊಂಡು ತೋಳನ್ನು ಮೇಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದರು. ಮರುವರ್ಷ ಮಗುವಿನ ಕೈ ಬೆಳೆದಾಗ ಮಣಿಕಟ್ಟಿನ ಬಾರ್ಡರನ್ನು ಬಿಚ್ಚಿ, ಎರಡಂಗುಲ ಸೇರಿಸಿ, ಮತ್ತೆ ಬಾರ್ಡರ್ ಹಾಕಿದರಾಯಿತು. ಮೂರನೆಯ ವರ್ಷ ಇಡೀ ಸ್ವೆಟರನ್ನೇ ಬಿಚ್ಚುತ್ತಿದ್ದೆವು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ತುದಿಗೆ ಸಣ್ಣ ಭಾರ ತೂಗಬಿಟ್ಟು ನೆರಳಲ್ಲಿ ಒಣಗಿಸಿದರೆ ನೆಟ್ಟಗಾಗುತ್ತದೆ. ಹಿರಿಯ ಮಗನ ನೀಲಿ ಸ್ವೆಟರ್ ಹೀಗೆ ಮಗಳ ಟೋಪಿಯಾಗಿ, ಉಳಿದದ್ದು ಕಿರಿಯವನ ತೋಳಿನ ಪಟ್ಟಿಗಳಾಗಿ ಹನ್ನೊಂದು ವರ್ಷ ನಮ್ಮ ಮನೆಯಲ್ಲಿತ್ತು.

ಕೊಂಡರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಸಸ್ಯೋದ್ಯಾನದ ಬಳಿಯ ಟಿಬೆಟನ್ ಮಾರುಕಟ್ಟೆಯಲ್ಲಿ ಯಂತ್ರದ ಸ್ವೆಟರುಗಳು ರಾಶಿ ರಾಶಿಯಾಗಿ ಸಿಗುತ್ತವೆ. ನಾವು ಹೆಣೆಯಲು ತರುವ ನೂಲಿನ ಬೆಲೆಯೇ ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಊಟಿಯ ಸಮೀಪದ ಸ್ಯಾಂಡಿನಲ್ಲಾದ ಕುರಿ ಸಂಶೋಧನಾ ಕೇಂದ್ರದಲ್ಲಿ ಉಡುಪಿಗೆ ಒಗ್ಗುವ ನವಿರಾದ ಉಣ್ಣೆ ಕೊಡುವ ನೀಲಗಿರಿ ತಳಿಯ ಕುರಿಗಳನ್ನು ಸಾಕುತ್ತಾರಾದರೂ ನಮ್ಮ ಕೈಗೆ ಬರುವ ಉಂಡೆಗಳು ಬಹುಮಟ್ಟಿಗೆ ದೂರದ ಲೂಧಿಯಾನದವು. ದುಡ್ಡಿನ ಲೆಕ್ಕದಲ್ಲಿ ಹೆಣಿಗೆ ಗೆಲ್ಲುವುದಿಲ್ಲ. ಅದು ಎಲ್ಲಿ ಬೇಕಾಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದದ್ದು 2009ರಲ್ಲಿ.

ಯಜಮಾನರು ಇಂದುನಗರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿದ್ದವರು. ಫಿಲ್ಮಿಗೆ ಲೇಪ ಬಳಿಯುವ ಕಡೆ ಬೆಳಕು ಸೋಕುವಂತಿಲ್ಲ. ಕತ್ತಲಲ್ಲಿ ಕೈಯಿಂದಲೇ ಎಲ್ಲವನ್ನೂ ಗುರುತಿಸುವ ಅಭ್ಯಾಸ ಅವರಿಗಿತ್ತು. ಕರೆಂಟು ಹೋದ ರಾತ್ರಿ ನನ್ನ ಮಡಿಲಿನ ಹೆಣಿಗೆಯನ್ನು ಮುಟ್ಟಿ "ಇದು ಉಲ್ಟಾ ಸಾಲು" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಆ ವರ್ಷದ ಮಳೆಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿತು. ಬೀರುವಿನಲ್ಲಿ ನಾನೇ ಹೆಣೆದ ಒಂಬತ್ತು ಸ್ವೆಟರುಗಳಿದ್ದವು. ಎಲ್ಲವೂ ತಲೆಯ ಮೇಲಿಂದ ಹಾಕಿಕೊಳ್ಳುವಂಥವು. ಕೈ ಎತ್ತಲಾಗದವರಿಗೆ ಒಂದೂ ಒದಗಲಿಲ್ಲ. ಶಾಲು ಹೊದಿಸಿದರೆ ಜಾರುತ್ತಿತ್ತು. ಜಾರಿದ್ದನ್ನು ಎತ್ತಿ ಹೊದಿಸಲು ಪ್ರತಿಸಲವೂ ಯಾರಾದರೂ ಬರಬೇಕಲ್ಲ ಎಂಬುದು ಅವರಿಗೆ ಚಳಿಗಿಂತ ಹೆಚ್ಚು ನೋವು ಕೊಡುತ್ತಿತ್ತು.

ವ್ಯಾಯಾಮ ಕಲಿಸಲು ಬರುತ್ತಿದ್ದ ಹುಡುಗಿ ಒಂದು ನಿಯಮ ಹೇಳಿಕೊಟ್ಟಳು: ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಆ ಒಂದು ವಾಕ್ಯದಿಂದ ನಾನು ಹೊಸ ಸ್ವೆಟರಿನ ಲೆಕ್ಕ ಹಾಕಿದೆ. ಮುಂಭಾಗ ಪೂರ್ತಿ ತೆರೆದದ್ದು. ಎಡ ಕಂಕುಳ ಸುತ್ತು ಬಲಕ್ಕಿಂತ ಎರಡಂಗುಲ ಆಳ, ಎಡ ತೋಳು ಮೇಲಿನಿಂದ ಮಣಿಕಟ್ಟಿನವರೆಗೂ ಅಗಲ. ಬಲಗೈ ಅದನ್ನು ಸುಲಭವಾಗಿ ಎಳೆದುಕೊಳ್ಳಬೇಕು. ಅಲುಗಾಡದ ಕೈ ಬೇಗ ತಣ್ಣಗಾಗುವುದರಿಂದ ಎಡ ತೋಳಿಗೆ ಮೂರಂಗುಲ ಹೆಚ್ಚು ಉದ್ದ, ಬೆರಳುಗಳನ್ನು ಮುಚ್ಚುವಂತೆ. ಸಣ್ಣ ಗುಂಡಿಗಳ ಬದಲು ರೂಪಾಯಿಗಿಂತ ದೊಡ್ಡ ಮರದ ಗುಂಡಿಗಳು ಐದು, ಒಂದೇ ಕೈಯಿಂದ ತೂರಿಸಬಹುದಾದ ಉದ್ದನೆಯ ಕಾಜಗಳು. ಎರಡು ತೋಳುಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಇಬ್ಬರ ಸ್ವೆಟರಿನವೆನ್ನುವಂತಿದ್ದವು. ತೊಟ್ಟ ಮೇಲೆ ನೋಡಿದವರಿಗೆ ವ್ಯತ್ಯಾಸವೇ ತಿಳಿಯಬಾರದೆಂದು ಎರಡೂ ಕಡೆ ಒಂದೇ ಜಡೆಯ ಸಾಲನ್ನು ಇಳಿಸಿದ್ದೆ.

ಅದನ್ನು ಅವರು ಮೊದಲ ಸಲ ತಾವೇ ತೊಟ್ಟ ಬೆಳಗ್ಗೆ ಕಾಲು ಗಂಟೆ ಹಿಡಿಯಿತು. ನಾನು ಅಡುಗೆಮನೆಯಿಂದ ಹೊರಬರದೆ ನಿಂತಿದ್ದೆ. ಕೊನೆಯ ಗುಂಡಿ ಹಾಕಿಕೊಂಡು ಹಜಾರಕ್ಕೆ ಬಂದವರು "ಕಾಫಿ ಆಯ್ತೇನೇ?" ಎಂದು ಕೇಳಿದರು. ಸ್ವೆಟರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ಆರು ವರ್ಷ, ಅವರು ಇರುವವರೆಗೂ, ಅದೇ ಲೆಕ್ಕದಲ್ಲಿ ಇನ್ನೂ ಮೂರನ್ನು ಹೆಣೆದೆ. ಆ ಹುಡುಗಿ ಇನ್ನೊಂದು ಮನೆಗಾಗಿ ಮಾದರಿ ಬೇಕೆಂದಾಗ ಬರೆದುಕೊಟ್ಟೆ. ಪಕ್ಕದ ಮನೆಯ ಗೆಳತಿ ಅದನ್ನು ತಮಿಳಿಗೆ ಇಳಿಸಿದಳು. ಈಗ ಅದು ಯಾವ ಯಾವ ಮನೆಗಳಲ್ಲಿ ಯಾವ ಯಾವ ಕೈಗೆ ಹೊಂದುವಂತೆ ಬದಲಾಗಿದೆಯೋ!

ಅತ್ತೆಯವರ ನೋಟ್‌ಬುಕ್ಕು ಈಗ ನನ್ನ ಬಳಿಯಿದೆ. ಅದರಲ್ಲಿ ದಿನಚರಿಯಿಲ್ಲ, ಒಂದು ಭಾವುಕ ಮಾತೂ ಇಲ್ಲ. 'ದೊಡ್ಡವನು, 1979, ಎದೆ 24', 'ಮಾವನವರು, ಬೆನ್ನು 2 ಹೆಚ್ಚು', 'ಗೂಡಲೂರಿಗೆ, ಕೊರಳು ನಾಲ್ಕು ಬೆರಳು' ಎಂಬಂಥ ಸಾಲುಗಳಷ್ಟೇ. ಆದರೂ ಮಗು ಯಾವ ವರ್ಷ ತಟಕ್ಕನೆ ಎತ್ತರವಾಯಿತು, ಹಿರಿಯರ ಬೆನ್ನು ಯಾವಾಗ ಬಾಗತೊಡಗಿತು ಎಂಬುದೆಲ್ಲ ನನಗೆ ಅಲ್ಲಿ ಕಾಣುತ್ತದೆ. ಆ ಸಂಕ್ಷಿಪ್ತ ಕನ್ನಡವನ್ನು ಸಲೀಸಾಗಿ ಓದಬಲ್ಲವಳು ಮನೆಯಲ್ಲಿ ಈಗ ನಾನೊಬ್ಬಳೇ ಎಂಬುದು ನೆನಪಾದಾಗ ಸ್ವಲ್ಪ ಅಳುಕಾಗುತ್ತದೆ. ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ 'ಸೀ', 'ಉ', 'ಎರಡೊಂದು' ಹೇಳಿಕೊಟ್ಟಿದ್ದೇನೆ. ಅವಳು ಕನ್ನಡ ಓದುವುದು ನಿಧಾನ, ಲೆಕ್ಕದಲ್ಲಿ ಚುರುಕು. ತನ್ನ ತಮ್ಮನ ಅಳತೆ ತೆಗೆದು ಅದೇ ಪುಸ್ತಕದಲ್ಲಿ, ಮುತ್ತಜ್ಜಿಯ ಅಕ್ಷರದ ಕೆಳಗೆ, ತಪ್ಪಿಲ್ಲದ ಕನ್ನಡದಲ್ಲಿ ಬರೆದಿದ್ದಾಳೆ: 'ತೋಳು 13, ಮೇಲಿನಿಂದ ಕೆಳಕ್ಕೆ.'

ಸಂಘದ ಬಂಧುಗಳಲ್ಲಿ ಇಂಥ ನೋಟ್‌ಬುಕ್ಕುಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಕೆಳಗಿಳಿಸಿ, ಹಿರಿಯರು ಇರುವಾಗಲೇ ಕುಳಿತು ಓದಿಸಿಕೊಳ್ಳಿ. ಹೆಣಿಗೆ ಕಲಿಯುವ ಆಸೆಯಿದ್ದವರು ಎಂಟನೆಯ ನಂಬರಿನ ಒಂದು ಜೊತೆ ಕಡ್ಡಿ, ಒಂದು ಉಂಡೆ ನೂಲು ತೆಗೆದುಕೊಂಡು ಬನ್ನಿ. ಅಳೆಯಲು ಮನೆಯವರಲ್ಲಿ ಒಬ್ಬರನ್ನು ಕರೆತರುವುದನ್ನು ಮಾತ್ರ ಮರೆಯಬೇಡಿ.