ಖಾಲಾ ಹೇಳಿದಷ್ಟೇ

ನಮ್ಮ ಖಾಲಾ ಕೆ.ಜಿ.ಎಫ್.ನ ನಂದಿದುರ್ಗದವರು. ಖಾಲೂ ಅಲ್ಲಿನ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಕೆಲವೇ ವರ್ಷಗಳಲ್ಲಿ ಖಾಲೂ ತೀರಿಕೊಂಡರು. ಆದರೂ ರಾತ್ರಿ ಪಾಳಿಯ ಹೊತ್ತಿಗೆ ಎದ್ದು ಬಾಗಿಲ ಬಳಿ ಕೂರುವುದನ್ನು ಖಾಲಾ ಬಿಡಲಿಲ್ಲ. ತಾವೀಜು, ದುಆ, ನಿದ್ದೆ ಗುಳಿಗೆ ಎಲ್ಲ ಆದ ಮೇಲೆ ಬಂಗಾರಪೇಟೆ ಮಾರ್ಗವಾಗಿ ರೈಲಿನಲ್ಲಿ ಅವರನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ.

ಅಲ್ಲಿ ನಮ್ಮನ್ನು ಮೊದಲು ಮಾತಾಡಿಸಿದವಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕ್ಲಿನಿಕಲ್ ಸೈಕಾಲಜಿಯ ತರಬೇತಿಗೆ ಬಂದಿದ್ದ ಹುಡುಗಿ. ಬೆಂಗಳೂರಿಗೆ ಈ ತರಬೇತಿ ಹೊಸದಲ್ಲ. 1954ರಲ್ಲಿ ಇಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅದು 1955ರಲ್ಲೇ ಶುರುವಾಗಿತ್ತು. 1974ರಲ್ಲಿ ಆ ಸಂಸ್ಥೆ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು.

ಹುಡುಗಿಗೆ ಉರ್ದು ಬಾರದು. ನಾನೇ ದುಭಾಷಿಯಾದೆ. ಖಾಲಾ "ದಿಲ್ ಘಬ್ರಾತಾ" ಎಂದರೆ ನಾನು ಅದಕ್ಕೆ ಗಣಿಯ ಕತ್ತಲು, ವಿಧವೆಯ ಒಂಟಿತನ ಎಲ್ಲ ಸೇರಿಸಿ ಹೇಳುತ್ತಿದ್ದೆ. ಹುಡುಗಿ ಅದನ್ನೆಲ್ಲ 'ಖಿನ್ನತೆ' ಎಂಬ ಒಂದೇ ಪದಕ್ಕೆ ಇಳಿಸಿದ್ದಳು. ಅವಳ ಗುರುಗಳು ಬಂದು ಹಾಳೆ ನೋಡಿದರು. "ಇದು ನಿನ್ನ ಮಾತಮ್ಮ. ಮೊದಲು ಅವರ ಮಾತನ್ನು ಅವರು ಹೇಳಿದ ಹಾಗೇ ಬರಿ" ಎಂದರು. ನನ್ನತ್ತ ತಿರುಗಿ, "ಸಾರ್, ನೀವೂ ಅಷ್ಟೇ. ಅವರು ಹೇಳಿದಷ್ಟೇ ಹೇಳಿ" ಎಂದರು. ಇಬ್ಬರಿಗೂ ಒಂದೇ ಪಾಠ!

ಮೂರನೇ ಭೇಟಿಯಲ್ಲಿ ಹುಡುಗಿ ಒಂದು ಒಪ್ಪಿಗೆ ಪತ್ರ ತಂದಳು. ತನ್ನ ಸಂಶೋಧನೆಗೆ ಖಾಲಾರ ಮಾತುಗಳನ್ನು ಬಳಸಬಹುದೇ ಎಂದು ಕೇಳಿದಳು. ಹೆಸರು ಬರುವುದಿಲ್ಲ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದಳು. ನಾನು ಸಾಲುಸಾಲಾಗಿ ಉರ್ದುವಿನಲ್ಲಿ ತಿಳಿಸಿದೆ. ಖಾಲಾ ಸ್ವಲ್ಪ ಯೋಚಿಸಿ, "ನಕ್ಕೋ ಬೇಟಾ" ಎಂದರು. ಹುಡುಗಿಯ ಮುಖ ಸಣ್ಣದಾಯಿತು. ಆದರೂ ಪತ್ರವನ್ನು ಮಡಚಿಟ್ಟು, "ಸರಿ ಅಮ್ಮ, ಈ ವಾರ ನಿದ್ದೆ ಹೇಗಿತ್ತು?" ಎಂದು ಕೇಳಿದಳು.

ಮರಳುವಾಗ ರೈಲಿನಲ್ಲಿ ನನಗೆ ಮಾತು ಹೊರಡಲಿಲ್ಲ. ಹತ್ತು ವರ್ಷದ ಹಿಂದೆ ನಾನು ಬರೆದ ಕಥೆಯಲ್ಲಿ ನಡುರಾತ್ರಿ ಬಾಗಿಲ ಬಳಿ ಕೂರುವ ಹೆಂಗಸು ಇದೇ ಖಾಲಾ. ಅವರಿಗೆ ಕನ್ನಡ ಓದಲು ಬಾರದೆಂಬ ಧೈರ್ಯದಲ್ಲಿ ಬರೆದಿದ್ದೆ. ಮೆಚ್ಚಿದವರ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಂದು ಒಂದು ಮಾತು ಕೇಳಿದ್ದರೆ ಅವರು ಏನೆನ್ನುತ್ತಿದ್ದರೆಂದು ಈಗ ತಿಳಿದಿದೆ.

ಖಾಲಾ ಈಗ ಕೊಂಚ ನಿದ್ರಿಸುತ್ತಾರೆ. ಮುಂದಿನ ಸಲ ನಂದಿದುರ್ಗಕ್ಕೆ ಹೋದಾಗ ಆ ಕಥೆಯನ್ನು ಅವರಿಗೆ ಉರ್ದುವಿನಲ್ಲಿ ಓದಿ ಹೇಳಬೇಕು. ಮಾಫಿ ಕೇಳುವುದು ಆಮೇಲಿನ ಮಾತು. ಮೊದಲು ಅವರು ಏನು ಹೇಳುತ್ತಾರೋ ಅದನ್ನು, ಅವರು ಹೇಳಿದಷ್ಟೇ, ಕೇಳಿಸಿಕೊಳ್ಳಬೇಕು.